ಬಾಸ್ ಮೀನು ಹಿಡಿಯೋ ಕಿಟ್: ಹುಳಕ್ಕೆ ನಾಲ್ಕು ಸ್ಟಾರ್, ಗಾಳಕ್ಕೆ ಎರಡೇ

ಟೆಕ್ಸಾಸ್‌ನ ಡಾಲಸ್‌ನಿಂದ ಲೇಕ್ ಫೋರ್ಕ್ ಜಲಾಶಯಕ್ಕೆ ಹೋಗೋ ದಾರೀಲಿ ಒಂದು ಬೇಟ್ (ಮೀನಿಗೆ ಹಾಕೋ ಎರೆ) ಅಂಗಡಿ ಸಿಗುತ್ತೆ. ಈ ಕಿಟ್ ಅಲ್ಲೇ ತಗೊಂಡೆ. 5 ಇಂಚಿನ ಪ್ಲಾಸ್ಟಿಕ್ ಹುಳ, 3/0 ಅಳತೆಯ ಆಫ್‌ಸೆಟ್ ಗಾಳ (ಕತ್ತಿನ ಹತ್ತಿರ ಬಾಗಿರೋದು), ಬುಲೆಟ್ ಸಿಂಕರ್ (ಗುಂಡಿನಾಕಾರದ ಭಾರ), ಎಲ್ಲಾ ಒಂದೇ ಡಬ್ಬಿ.

ಹುಳ ಚೆನ್ನಾಗಿದೆ. ಉಪ್ಪು ಬೆರೆಸಿರೋದ್ರಿಂದ ಸಿಂಕರ್ ಇಲ್ಲದೇನೂ ನಿಧಾನಕ್ಕೆ ಮುಳುಗುತ್ತೆ. ಗ್ರೀನ್ ಪಂಪ್‌ಕಿನ್ (ಕಂದು ಬೆರೆತ ಹಸಿರು) ಬಣ್ಣ ಸಾಕು, ನೇರಳೆ ಬಣ್ಣದ್ದು ಮೀನಿಗಿಂತ ನಮ್ಮ ಕಣ್ಣಿಗೇ ಹಿಡಿಸೋದು!

ಹೊಸಬರು ಮೊದಲು ಟೆಕ್ಸಾಸ್ ರಿಗ್, ಅಂದ್ರೆ ಗಾಳದ ಮೊನೆಯನ್ನ ಹುಳದೊಳಗೆ ಅಡಗಿಸೋ ವಿಧಾನ, ಕಲೀರಿ. ಲೈನ್‌ಗೆ ಸಿಂಕರ್ ಪೋಣಿಸಿ ಗಾಳ ಕಟ್ಟಿ. ಹುಳದ ತುದಿಗೆ ಕಾಲು ಇಂಚು ಚುಚ್ಚಿ ಪಕ್ಕಕ್ಕೆ ತೆಗೆದು, ಗಾಳದ ಕಣ್ಣಿನವರೆಗೂ (ಲೈನ್ ಕಟ್ಟೋ ತೂತು) ಎಳೆದು ಗಾಳವನ್ನ ತಿರುಗಿಸಿ. ಗಾಳದ ಬಾಗು ಎಲ್ಲಿ ತಾಕುತ್ತೋ ಅಲ್ಲೇ ಮತ್ತೆ ಚುಚ್ಚಿ, ಮೊನೆಯನ್ನ ಚರ್ಮದಡಿ ಮುಚ್ಚಿ. ಹುಳ ನೆಟ್ಟಗೆ ನಿಲ್ಲಬೇಕು, ಸೊಟ್ಟಗಿದ್ರೆ ನೀರಲ್ಲಿ ಗಿರಗಿರ ತಿರುಗಿ ಲೈನ್ ಸುರುಳಿ ಸುತ್ತುತ್ತೆ. ಮೊನೆ ಮುಚ್ಚಿರೋದ್ರಿಂದ ಲೇಕ್ ಫೋರ್ಕ್‌ನ ಹೈಡ್ರಿಲಾ ಕಳೆ, ಮುಳುಗಿದ ಮರಗಳಿಗೆ ಅಷ್ಟಾಗಿ ಸಿಕ್ಕಿಕೊಳ್ಳಲ್ಲ.

ವ್ಯಾಕಿ ರಿಗ್ ಇನ್ನೂ ಸುಲಭ, ಹುಳದ ನಡುವಿಗೆ ಗಾಳ ಚುಚ್ಚಿದ್ರೆ ಮುಗೀತು. ಆದ್ರೆ ಹುಳ ಬೇಗ ಹರಿದುಹೋಗುತ್ತೆ. ಅದಕ್ಕೇ ನಡುವಿಗೆ ಓ-ರಿಂಗ್ (ಸಣ್ಣ ರಬ್ಬರ್ ಬಳೆ) ಹಾಕಿ, ಗಾಳ ಅದಕ್ಕೆ ಸಿಕ್ಕಿಸಿ. ಕಿಟ್‌ನಲ್ಲಿ ಅದೇ ಇಲ್ಲ.

ಗಾಳದ ಮೊನೆಯಂತೂ ಮೊಂಡು. ಅದನ್ನ ಮಾತ್ರ ಬೇರೆ ತಗೊಳ್ಳಿ.