ದೆಹಲಿ ಮೂಲಕ ವಿದೇಶಕ್ಕೆ ಹೋಗುವವರು ಬೇರೆ ಬೇರೆ ಟಿಕೆಟ್ ತೆಗೆಸಬೇಡಿ

ಹುಬ್ಬಳ್ಳಿಯಿಂದ ದೆಹಲಿಗೆ ಹೋಗಿ ಅಲ್ಲಿ ವಿದೇಶದ ವಿಮಾನ ಹತ್ತುವವರು, ಅದರಲ್ಲೂ ಮಕ್ಕಳ ಮನೆಗೆ ಮೊದಲ ಸಲ ಹೊರಟ ಹಿರಿಯರು, ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿ ಇವೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಟೊರಾಂಟೊದಲ್ಲಿರುವ ತಂಗಿಯ ಮನೆಗೆ ಹೊರಟಿದ್ದ ನನ್ನ ತಂದೆ-ತಾಯಿಗೆ ಇಲ್ಲಿನ ಏಜೆಂಟರೊಬ್ಬರು ಎರಡು ಕಂಪನಿಗಳ ಟಿಕೆಟ್‌ಗಳನ್ನು ಪ್ರತ್ಯೇಕವಾಗಿ ತೆಗೆದು, ಅದನ್ನು ‘ಕನೆಕ್ಟಿಂಗ್ ಫ್ಲೈಟ್’ ಎಂದೇ ಹೇಳಿ ಕೊಟ್ಟಿದ್ದರು. ನಡುವೆ ಮೂರು ತಾಸು ಇದೆ, ಧಾರಾಳವಾಯಿತು ಎಂದೂ ಭರವಸೆ ಕೊಟ್ಟಿದ್ದರು.

ತೊಂದರೆ ಹುಬ್ಬಳ್ಳಿಯಲ್ಲೇ ಶುರುವಾಯಿತು. ವಿದೇಶದ ಟಿಕೆಟ್‌ನಲ್ಲಿ ತಲಾ 23 ಕೆಜಿಯ ಎರಡು ಬ್ಯಾಗ್‌ಗಳಿಗೆ ಅವಕಾಶವಿದ್ದರೂ, ದೆಹಲಿಯವರೆಗಿನ ಟಿಕೆಟ್ ಬೇರೆಯಾಗಿದ್ದರಿಂದ ಅದಕ್ಕೆ ದೇಶದೊಳಗಿನ 15 ಕೆಜಿ ಮಿತಿಯೇ ಅನ್ವಯವಾಯಿತು. ಅವ್ವ ಕೌಂಟರಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಬಟ್ಟೆಯಲ್ಲಿ ಕಟ್ಟಿದ್ದ ಖಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಡಬ್ಬಿಗಳನ್ನೂ ಒಂದೊಂದಾಗಿ ಹೊರತೆಗೆದರು. ಆಮೇಲೂ ಉಳಿದ ಹೆಚ್ಚುವರಿ ಭಾರಕ್ಕೆ ಕೆಜಿ ಲೆಕ್ಕದಲ್ಲಿ ಹಣ ಕಟ್ಟಿದೆವು.

ಅವರನ್ನು ಬೀಳ್ಕೊಡಲು ನಾನೂ ದೆಹಲಿಯವರೆಗೆ ಹೋಗಿದ್ದೆ. ವಿಮಾನ ತಡವಾಗಿ ಟರ್ಮಿನಲ್ 1ರಲ್ಲಿ ಇಳಿಯಿತು. ವಿದೇಶದ ವಿಮಾನ ಹೊರಡುವುದು ಟರ್ಮಿನಲ್ 3ರಿಂದ. ಇಂದಿರಾ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎಂಬ ಹೆಸರು ಒಂದೇ ಆದರೂ ಈ ಎರಡು ಕಟ್ಟಡಗಳ ನಡುವೆ ಕಿಲೋಮೀಟರುಗಟ್ಟಲೆ ಅಂತರವಿದ್ದು, ಹೊರಗೆ ಬಂದು ರಸ್ತೆಯಲ್ಲೇ ಹೋಗಬೇಕಾಗುತ್ತದೆ. ಮೆಟ್ರೊ ಇದೆಯಲ್ಲ ಎಂದು ನೆಚ್ಚುವಂತಿಲ್ಲ, ಏಕೆಂದರೆ ಟರ್ಮಿನಲ್ 1 ಮಜೆಂಟಾ ಮಾರ್ಗದಲ್ಲಿದೆ, ಟರ್ಮಿನಲ್ 3 ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗದಲ್ಲಿದೆ. ಬ್ಯಾಗ್‌ಗಳಿಗಾಗಿ ಬೆಲ್ಟಿನ ಮುಂದೆ ಕಾದು, ಶಟಲ್ ಬಸ್ಸಿಗೆ ಮತ್ತೆ ಕಾಯಬೇಕಾಯಿತು. ಅವ್ವನಿಗೆ ಮೊಣಕಾಲು ನೋವು. ಮೊದಲ ಕಂಪನಿಯ ಗಾಲಿಕುರ್ಚಿ ಆ ಟರ್ಮಿನಲ್ಲಿನ ಬಾಗಿಲಿಗೇ ನಿಂತಿತು.

ನಾವು ಟರ್ಮಿನಲ್ 3ನ್ನು ತಲುಪುವಷ್ಟರಲ್ಲಿ ಚೆಕ್-ಇನ್ ಕೌಂಟರ್ ಮುಚ್ಚಿತ್ತು. ವಿದೇಶದ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಅದನ್ನು ಮುಚ್ಚುತ್ತಾರೆ. ಮೊದಲ ಕಂಪನಿ ತನ್ನ ಹೊಣೆ ದೆಹಲಿಗೆ ಮುಗಿಯಿತೆಂದಿತು, ಎರಡನೆಯದು ಇನ್ನೊಬ್ಬರ ವಿಮಾನ ತಡವಾದದ್ದಕ್ಕೆ ತಾನು ಹೊಣೆಯಲ್ಲವೆಂದಿತು. ನಿಯಮದ ಪ್ರಕಾರ ಎರಡೂ ಸರಿಯೇ. ಅದನ್ನು ಮೊದಲೇ ತಿಳಿಸಬೇಕಾಗಿದ್ದವರು ಕಮಿಷನ್ ಪಡೆದ ಏಜೆಂಟರು. ಅವರು ಆಮೇಲೆ ಫೋನನ್ನೂ ಎತ್ತಲಿಲ್ಲ, ಮತ್ತು ಹೊಸ ಟಿಕೆಟ್‌ನ ಪೂರ್ತಿ ಹಣ ನಮ್ಮ ಮೇಲೆಯೇ ಬಿತ್ತು.

ಒಂದೇ ಟಿಕೆಟ್ ಆಗಿದ್ದರೆ ಬ್ಯಾಗ್‌ಗಳಿಗೆ ಹುಬ್ಬಳ್ಳಿಯಲ್ಲೇ ಕೊನೆಯ ಊರಿನ ಟ್ಯಾಗ್ ಬೀಳುತ್ತದೆಯೇ ಎಂದು ಕೇಳಬಹುದು, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವ ಹೊಣೆಯೂ ಕಂಪನಿಯದಾಗುತ್ತದೆ. ಬೇರೆ ಟಿಕೆಟ್ ಅನಿವಾರ್ಯವಾದರೆ ಹಿಂದಿನ ದಿನವೇ ದೆಹಲಿಗೆ ಹೋಗಿ ಉಳಿಯಿರಿ, ಗಾಲಿಕುರ್ಚಿಯನ್ನು ಎರಡೂ ಕಂಪನಿಗಳಲ್ಲಿ ಬೇರೆ ಬೇರೆಯಾಗಿ ಕೇಳಿ. 2024ರ ಜೂನ್ 28ರಂದು ಮಳೆಗೆ ಟರ್ಮಿನಲ್ 1ರ ಚಾವಣಿಯ ಒಂದು ಭಾಗ ಕುಸಿದ ನಂತರ ದೇಶದೊಳಗಿನ ವಿಮಾನಗಳ ಟರ್ಮಿನಲ್‌ಗಳು ಬದಲಾಗಿವೆ. ಆದ್ದರಿಂದ ಟಿಕೆಟ್ ತೆಗೆಸಿದ ದಿನದ ಮಾಹಿತಿಯನ್ನು ನೆಚ್ಚದೆ, ಹೊರಡುವ ಹಿಂದಿನ ದಿನ ಕಂಪನಿಗೇ ಕರೆ ಮಾಡಿ ಯಾವ ಟರ್ಮಿನಲ್ ಎಂದು ಕೇಳಿಕೊಳ್ಳಿ.