ಅಳಿಸಿದೆ, ಇನ್‌ಬಾಕ್ಸ್‌ಗೆ ಕರೆದೆ, ಒಪ್ಪಿಕೊಂಡೆ: ದೂರಿಗೆ ಮೂರು ಉತ್ತರಗಳು

ಧಾರವಾಡದ ನಮ್ಮ ಮನೆಯಲ್ಲಿ ಅಗಸೆ, ಗುರೆಳ್ಳು, ಶೇಂಗಾ ಚಟ್ನಿಪುಡಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇವೆ. ಅಲ್ಲಿ ಬಂದ ದೂರುಗಳಿಗೆ ಮೂರು ಬಗೆಯಲ್ಲಿ ಉತ್ತರಿಸಿ ನೋಡಿದ್ದೇನೆ.

ಮೊದಲು, ಅಳಿಸುವುದು. ಉಪ್ಪು ಹೆಚ್ಚಾಗಿದೆ ಎಂದು ಒಬ್ಬರು ಬರೆದದ್ದನ್ನು ತೆಗೆದುಹಾಕಿದೆ. ಮರುದಿನವೇ ಅವರು ಸ್ಕ್ರೀನ್‌ಶಾಟ್ ಹಾಕಿದರು. ಉಪ್ಪಿನ ಮಾತು ಅಲ್ಲಿಗೇ ನಿಂತು, ನಾವು ಮುಚ್ಚಿಟ್ಟೆವು ಎಂಬ ಮಾತು ಬೆಳೆಯಿತು. ಇದನ್ನು ಯಾರೂ ಮಾಡಬಾರದು.

‘ಇನ್‌ಬಾಕ್ಸ್‌ಗೆ ಬನ್ನಿ’ ಎನ್ನುವುದು ಎಷ್ಟೋ ವಾಸಿ. ವಿಳಾಸ ಕೇಳಲು, ಹಣ ಮರಳಿಸಲು ಅದೇ ಸರಿಯಾದ ಜಾಗ. ಕೊರಿಯರ್‌ನಲ್ಲಿ ಪೊಟ್ಟಣ ಹರಿದರೆ ಈಗಲೂ ಹಾಗೆಯೇ ಮಾಡುತ್ತೇನೆ. ಆದರೆ ದೂರು ಎಲ್ಲರ ಕಣ್ಣಿಗೆ ಬಿದ್ದು ಪರಿಹಾರ ಒಬ್ಬರಿಗೇ ತಿಳಿಯುತ್ತದೆ.

ಮೂರನೆಯದನ್ನು ಕಲಿಸಿದ್ದು ಅಗಸೆ ಪುಡಿ. ಬೇಸಿಗೆಯಲ್ಲಿ ಬೆಂಗಳೂರಿನ ಗ್ರಾಹಕಿಯೊಬ್ಬರು ‘ಕಮಟು ವಾಸನೆ’ ಎಂದು ಬರೆದರು. ಅವರಿಗೆ ಕಳಿಸಿದ ಪುಡಿ ಕುಟ್ಟಿದ ದಿನದ್ದೇ ನಮ್ಮಲ್ಲಿ ಉಳಿದಿದ್ದನ್ನು ಬಾಯಿಗೆ ಹಾಕಿಕೊಂಡೆ. ಅವರ ಮಾತು ನಿಜವಾಗಿತ್ತು. ಅಗಸೆಯಲ್ಲಿ ಎಣ್ಣೆಯಂಶ ಹೆಚ್ಚು. ಕುಟ್ಟಿದ ಮೇಲೆ ಗಾಳಿ, ಸೆಕೆ ತಾಗಿದರೆ ಬೇಗ ಕೆಡುತ್ತದೆ. ನಾವು ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಕುಟ್ಟಿದ್ದೆವು. ಇಷ್ಟನ್ನೂ ಅವರ ದೂರಿನ ಕೆಳಗೇ ಬರೆದು ಹಣ ಮರಳಿಸಿದೆ. ವಾರದ ನಂತರ, ಅವರ ಒಪ್ಪಿಗೆ ಪಡೆದು, ಅದೇ ದೂರನ್ನು ಮೇಲಿಟ್ಟು, ಅವ್ವ ಸ್ವಲ್ಪ ಸ್ವಲ್ಪವೇ ಅಗಸೆ ಹುರಿಯುವ, ಪೊಟ್ಟಣದ ಮೇಲೆ ತಾರೀಖು ಬರೆಯುವ ವಿಡಿಯೊ ಹಾಕಿದೆವು. ಅದನ್ನು ಮೊದಲು ಹಂಚಿಕೊಂಡವರು ದೂರಿದ ಆ ಗ್ರಾಹಕಿಯೇ.

ದೊಡ್ಡ ಕಂಪನಿಗಳೂ ಈ ದಾರಿ ಹಿಡಿದಿವೆ. 2018ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಕೋಳಿಮಾಂಸ ಸಿಗದೆ ಕೆಎಫ್‌ಸಿಯ ನೂರಾರು ಮಳಿಗೆಗಳು ಮುಚ್ಚಿದಾಗ, ಅದು ಖಾಲಿ ಬಕೆಟ್ಟಿನ ಮೇಲೆ ತನ್ನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಿತು. ಆ ಚಿತ್ರ ಜಾಲತಾಣಗಳಲ್ಲಿ ಹರಿದಾಡಿತು. ನನಗೆ ಅದಕ್ಕಿಂತ ಹಿಡಿಸಿದ್ದು ಡಾಮಿನೋಸ್. ಪಿಜ್ಜಾದ ರೊಟ್ಟಿ ರಟ್ಟಿನಂತಿದೆ ಎಂದು ಅಮೆರಿಕದ ಗ್ರಾಹಕರು ಹೇಳಿದ್ದನ್ನು 2009ರ ಕೊನೆಯಲ್ಲಿ ಅದು ತನ್ನ ಜಾಹೀರಾತಿನಲ್ಲೇ ತೋರಿಸಿತು. ಜೊತೆಗೆ ರೊಟ್ಟಿ, ಸಾಸ್, ಚೀಸ್ ಮೂರನ್ನೂ ಬದಲಿಸಿತ್ತು. ಚಂದದ ಕ್ಷಮೆಗೆ ಜಾಹೀರಾತು ಬರೆಯುವವರು ಬೇಕು; ಹುರಿಯುವ ಕ್ರಮ ಬದಲಿಸಲು ನಮ್ಮಂಥವರಿಗೂ ಆಗುತ್ತದೆ.

ಈಗ ಅಗಸೆ ಪುಡಿ ಕೇಳುವವರಲ್ಲಿ ಅರ್ಧದಷ್ಟು ಮಂದಿ ಬೆಲೆಗಿಂತ ಮೊದಲು ಕುಟ್ಟಿದ ತಾರೀಖು ಕೇಳುತ್ತಾರೆ.