ಕಾರ್ಕ್ ನೆಲ: ಕಾಲಿಗೆ ಹಿತ, ಬಕೆಟ್ ಕಂಡರೆ ಭಯ

ಕಾರ್ಕ್, ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಅದರ ನೆಲ ಹಾಕಿಸಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಬಣ್ಣ, ಡಿಸೈನ್ ನೋಡುವ ಮೊದಲು ನಿಮ್ಮ ಮನೆಯ ನೆಲ ಯಾರು ಒರೆಸುತ್ತಾರೆ, ಹೇಗೆ ಒರೆಸುತ್ತಾರೆ ನೋಡಿಕೊಳ್ಳಿ. ನಮ್ಮದು ಬೆಂಗಳೂರಿನ ಫ್ಲಾಟು. ಅತ್ತೆಯ ಕೋಣೆಗೂ ಪಕ್ಕದ ಕೋಣೆಗೂ ಮಾತ್ರ ಹಾಕಿಸಿದ್ದೇವೆ. ಇಡೀ ಮನೆಗೆ ಹಾಕಿಸುವಷ್ಟು ದುಡ್ಡಿರಲಿಲ್ಲ. ಅದೇ ಒಳ್ಳೆಯದಾಯಿತು.

ಅಂಗಡಿಯವರು "ವಾಟರ್‌ಪ್ರೂಫ್ ಮೇಡಂ, ಏನೂ ಆಗಲ್ಲ" ಅಂದಿದ್ದರು. ಬರೀ ಕಾರ್ಕ್ ಆಗಿದ್ದರೆ ಆ ಮಾತು ಅಷ್ಟೇನೂ ಸುಳ್ಳಲ್ಲ. ಬಾಟಲಿಗೆ ಬಿರಡೆ ಮಾಡುವುದೇ ಅದರಿಂದ ಅಲ್ವಾ? ಆದರೆ ನಮ್ಮ ಹಾಗೆ ಕ್ಲಿಕ್ ಹಲಗೆ, ಅಂದರೆ ಅಂಚಿಗೆ ಅಂಚು ಸಿಕ್ಕಿಸಿ ಕೂರಿಸುವ ಹಲಗೆ, ಹಾಕಿಸಿದರೆ ಕಾರ್ಕ್ ಇರುವುದು ಮೇಲೆ ತೆಳ್ಳಗೆ, ಅಡಿಯಲ್ಲಿ ಇನ್ನೂ ತೆಳ್ಳಗೆ. ನಡುವೆ ಇರುವುದು ಎಚ್‌ಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಸಂದಿಯಲ್ಲಿ ನೀರು ಇಳಿದರೆ ಅದು ಕುಡಿದು ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನಂತೆ ಕೂರುವುದಿಲ್ಲ.

ನಮ್ಮಲ್ಲಿ ನೆಲ ಒರೆಸುವುದು ಅಂದರೆ ಗೊತ್ತಲ್ಲ. ಬಕೆಟ್ ತುಂಬ ನೀರು, ಒಂದು ಮುಚ್ಚಳ ಫಿನಾಯಿಲ್, ತೊಟ್ಟಿಕ್ಕುವ ಮಾಪ್. ಮೊದಲ ಮಳೆಗಾಲ ಮುಗಿಯುವುದರೊಳಗೆ ಬಾಗಿಲ ಹತ್ತಿರ ಎರಡು ಹಲಗೆಗಳ ಅಂಚು ಎದ್ದಿತು. ನಿಂತು ನೋಡಿದರೆ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೆರೆ ಕಾಣುತ್ತದೆ, ಬರಿಗಾಲಿಗೆ ತಡವುತ್ತದೆ. ಅಂಗಡಿಗೆ ಫೋನ್ ಮಾಡಿದರೆ, "ನೀರಿನ ಡ್ಯಾಮೇಜು ವಾರಂಟಿಗೆ ಬರಲ್ಲ ಮೇಡಂ, ಆ ಶೇಡ್ ಕೂಡ ಈಗ ಬರ್ತಿಲ್ಲ" ಅಂದರು. ವಾಟರ್‌ಪ್ರೂಫ್ ಅಂದ ಬಾಯೇ ಇದು! ಗೋಡೆಯ ಕಡೆಯಿಂದ ಬಿಚ್ಚುತ್ತಾ ಬಂದರೆ ಹಲಗೆ ಬದಲಾಯಿಸಬಹುದು, ಆದರೆ ಹಾಕಲು ಹಲಗೆ ಬೇಕಲ್ಲ. ನೀವು ಕೊಳ್ಳುವಾಗಲೇ ಒಂದು ಡಬ್ಬ ಜಾಸ್ತಿ ತೆಗೆದುಕೊಂಡು ಅಟ್ಟದ ಮೇಲೆ ಇಟ್ಟುಬಿಡಿ.

ಈಗ ಒರೆಸುವ ಕ್ರಮವೇ ಬೇರೆ. ಮೊದಲು ಹುಲ್ಲು ಪೊರಕೆಯಲ್ಲಿ ನಿಧಾನಕ್ಕೆ ಗುಡಿಸಬೇಕು, ಮರಳಿನ ಕಣ ಉಳಿದರೆ ವಾರ್ನಿಷ್ ಗೀರುತ್ತದೆ. ಆಮೇಲೆ ಒಂದು ಮಗ್ ನೀರು, ಒಂದು ಹಳೇ ಬನಿಯನ್ನು. ಹಿಂಡಿದ ಮೇಲೆ ಒಂದು ಹನಿಯೂ ಬೀಳಬಾರದು. ಒರೆಸಿದ ಜಾಗ ನೋಡುತ್ತಿದ್ದ ಹಾಗೇ ಆರಬೇಕು. ಕೆಲಸಕ್ಕೆ ಬರುವವರು ಶುರುವಿನಲ್ಲಿ "ಇದೇನಕ್ಕಾ, ಒರೆಸಿದ ಹಾಗೇ ಇಲ್ವಲ್ಲ" ಅಂತ ಮುಖ ಕಿವುಚಿದರು. ಈಗ ಬಕೆಟ್ ಎಳೆಯುವುದು ತಪ್ಪಿತು ಅಂತ ಈ ಎರಡು ಕೋಣೆಗಳನ್ನೇ ಮೊದಲು ಮುಗಿಸುತ್ತಾರೆ.

ಇಷ್ಟು ಬೈದೆ ಅಂತ ಕಿತ್ತು ಹಾಕಿಸುತ್ತೇನೆ ಅಂದುಕೊಳ್ಳಬೇಡಿ. ಅತ್ತೆಯ ಮಂಡಿ ಒಪ್ಪುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಟೈಲ್ಸ್ ಮೇಲೆ ಕಾಲಿಟ್ಟರೆ ಜುಮ್ಮೆನ್ನುತ್ತದೆ, ಇಲ್ಲಿ ಹಾಗಿಲ್ಲ. ಕಾರ್ಕ್ ಒಳಗೆಲ್ಲ ಗಾಳಿ ತುಂಬಿದ ಸಣ್ಣ ಗೂಡುಗಳು. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡು ಲೋಕಕ್ಕೆ ತೋರಿಸಿದ್ದು ಈ ಗೂಡುಗಳನ್ನೇ. ಆ ಗಾಳಿಯಿಂದಲೇ ನೆಲ ಥಂಡಿ ಅನಿಸುವುದಿಲ್ಲ, ಕಾಲಿಟ್ಟರೆ ಒಂಚೂರು ಬಗ್ಗುತ್ತದೆ. ಮಧ್ಯಾಹ್ನ ಅತ್ತೆ ಪೇಪರ್ ಹರಡಿ, ಕಾಲು ನೀಡಿ ಕೂತು ಸೊಪ್ಪು ಬಿಡಿಸುತ್ತಾರೆ. ಅವರೆಕಾಯಿ ಕಾಲ ಬಂದರೆ ಕಾಳು ಹಿಸುಕುತ್ತಾ ಅಲ್ಲೇ ಸಂಜೆ ಮಾಡುತ್ತಾರೆ. ಮೊದಲು ಕುರ್ಚಿ ಬಿಟ್ಟು ಇಳಿಯುತ್ತಿರಲಿಲ್ಲ.

ಇನ್ನು ಸದ್ದು. ರಾತ್ರಿ ಅವರ ಕೈಜಾರಿ ಸ್ಟೀಲ್ ಲೋಟ ಬಿದ್ದರೆ ಇಡೀ ಮನೆ ಎದ್ದು ಕೂರುತ್ತಿತ್ತು. ಈಗ "ದಬ್" ಅಂತ ಒಂದು ಸದ್ದು, ಅಷ್ಟೇ. ಸ್ಟೂಲ್ ಎಳೆದರೆ ಕೆಳಗಿನ ಮನೆಯವರು ಮೇಲೆ ಬಂದು ಬೆಲ್ ಒತ್ತುವುದೂ ನಿಂತಿದೆ.

ಹೊರದೇಶದವರು ಹೈಹೀಲ್ಸ್ ಗುರುತು ಬೀಳುತ್ತದೆ ಅಂತ ಗೋಳಾಡುವುದನ್ನು ಓದಿರಬಹುದು. ಚಪ್ಪಲಿ ಹೊರಗೇ ಬಿಡುವ ನಮಗೆ ಆ ಚಿಂತೆ ಇಲ್ಲ. ನಮಗೆ ಶತ್ರು ಬೀರು. ಅದರ ಕಾಲು ಒತ್ತಿ ನೆಲದಲ್ಲಿ ಬಿದ್ದ ಗುಂಡಿಗಳು ಪೂರ್ತಿ ಎದ್ದಿಲ್ಲ, ಈಗ ಕಾಲ ಕೆಳಗೆ ಪ್ಲೈವುಡ್ ತುಂಡು ಕೊಟ್ಟಿದ್ದೇವೆ. ಬಾಲ್ಕನಿ ಪಕ್ಕ ಬಿಸಿಲು ಬೀಳುವ ಕಡೆ ಬಣ್ಣವೂ ಮಾಸಿದೆ.

ಬೆಲೆ ಟೈಲ್ಸ್‌ಗಿಂತ ಜಾಸ್ತಿ. ಪೋರ್ಚುಗಲ್‌ನಲ್ಲಿ ಮರ ಕಡಿಯದೆ ತೊಗಟೆ ಮಾತ್ರ ಸುಲಿಯುತ್ತಾರಂತೆ, ಮತ್ತೆ ಸುಲಿಯಲು 9 ವರ್ಷ ಕಾಯಬೇಕು. ಹಾಗಿದ್ದ ಮೇಲೆ ಅಗ್ಗ ಹೇಗಾದೀತು? ಒಂದು ಉಳಿತಾಯ ಅಂದರೆ ಹಳೇ ಟೈಲ್ಸ್ ಒಡೆಯಲಿಲ್ಲ, ಮೇಲೆಯೇ ಹಾಸಿದರು. ನೆಲ ಎತ್ತರವಾಗಿ ಬಾಗಿಲು ತಾಗಿತು, ಬಡಗಿಯನ್ನು ಕರೆಸಿ ಕೆಳಗೆ ಹೆರೆಸಬೇಕಾಯಿತು.

ಈಗ ಅತ್ತೆಗೆ ದೇವರ ಮನೆಗೂ ಇದೇ ಬೇಕಂತೆ. ದೀಪದ ಎಣ್ಣೆ, ಕುಂಕುಮ, ಅಭಿಷೇಕದ ನೀರು ಎಲ್ಲ ಬೀಳುವ ಜಾಗ, ಟೈಲ್ಸೇ ಇರಲಿ ಅಂದಿದ್ದೇನೆ. ಅವರಿನ್ನೂ ಒಪ್ಪಿಲ್ಲ.